100 ಗ್ರಾಂ ಹತ್ತಿಯಲ್ಲಿ ಎಷ್ಟು ಸಕ್ಕರೆ?

100 ಗ್ರಾಂ ಹತ್ತಿ ತೆಗೆದುಕೊಳ್ಳಿ. ಬೀಜ ಬಿಡಿಸಿದ, ಚೆನ್ನಾಗಿ ಒಣಗಿದ ಹತ್ತಿ. ಅದರಿಂದ ಎಷ್ಟು ಸಕ್ಕರೆ ತೆಗೆಯಬಹುದು? ಊಹಿಸಿ!

ಒಂದು ಚಮಚ? ಒಂದು ಹಿಡಿ? ಉಹೂಂ! ಉತ್ತರ ಈಗಲೇ ಹೇಳುವುದಿಲ್ಲ.

ಮೊದಲು ಇದನ್ನು ಕೇಳಿ. 1819, ಫ್ರಾನ್ಸ್. ಆಂರಿ ಬ್ರಾಕೊನೊ ಎಂಬ ರಸಾಯನ ವಿಜ್ಞಾನಿ ಲಿನನ್ ಬಟ್ಟೆಯ ಚಿಂದಿಯನ್ನು ಗಂಧಕಾಮ್ಲದಲ್ಲಿ ಕರಗಿಸಿದರು. ನೀರು ಬೆರೆಸಿ ಕುದಿಸಿದರು. ಸಿಕ್ಕಿದ್ದೇನು ಗೊತ್ತೆ? ಸಕ್ಕರೆ! ಚಿಂದಿಯಿಂದ ಸಿಹಿ!

ಗುಟ್ಟು ಇರುವುದು ಸೆಲ್ಯುಲೋಸ್‌ನಲ್ಲಿ. 1838ರಲ್ಲಿ ಆನ್ಸೆಲ್ಮ್ ಪಾಯೆನ್ ಗಿಡಗಳಿಂದ ಬೇರ್ಪಡಿಸಿದ ವಸ್ತು ಇದು. ಇದರ ತುಂಬ ಸರಪಳಿಯಂತೆ ಬೆಸೆದುಕೊಂಡ ಗ್ಲೂಕೋಸ್ ಎಂಬ ಸಕ್ಕರೆ, ಬರೀ ಗ್ಲೂಕೋಸ್! ಹತ್ತಿಯ ಒಂದೊಂದು ಸರಪಳಿಯಲ್ಲಿ ಸುಮಾರು 10,000!

ಅನ್ನದ ಪಿಷ್ಟದಲ್ಲಿರುವುದೂ ಇದೇ ಗ್ಲೂಕೋಸ್. ಹಾಗಾದರೆ ಅನ್ನ ಅರಗುತ್ತದೆ, ಹತ್ತಿ ಏಕೆ ಅರಗದು? ಬೆಸುಗೆ ಬೇರೆ, ಅಷ್ಟೆ! ಸೆಲ್ಯುಲೋಸ್‌ನಲ್ಲಿ ಒಂದು ಗ್ಲೂಕೋಸ್ ನೆಟ್ಟಗಿದ್ದರೆ ಪಕ್ಕದ್ದು ತಲೆಕೆಳಗು. ಈ ಬೆಸುಗೆ ಕಡಿಯುವ ಕಿಣ್ವ ನಮ್ಮಲ್ಲಿಲ್ಲ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಲ್ಲಿದೆ!

ಪ್ರಯೋಗಾಲಯದಲ್ಲಿ ಆ ಕೆಲಸ ಆಮ್ಲದ್ದು. ಶೇ 72ರ ಗಂಧಕಾಮ್ಲ, 30 ಡಿಗ್ರಿ ಸೆಲ್ಸಿಯಸ್, ಒಂದು ಗಂಟೆ. ಗಟ್ಟಿ ನಾರು ಗಂಜಿಯಂತಾಗುತ್ತದೆ! ಆಮೇಲೆ ನೀರು ಬೆರೆಸಿ ಆಮ್ಲವನ್ನು ಶೇ 4ಕ್ಕೆ ಇಳಿಸಿ, 121 ಡಿಗ್ರಿಯಲ್ಲಿ ಇನ್ನೊಂದು ಗಂಟೆ. ಸರಪಳಿ ಚೂರುಚೂರು!

ಹತ್ತಿಯಾಗಲಿ, ಬೇರೆ ಗಿಡದ ನಾರಾಗಲಿ, ಈಗ ತನ್ನ ಒಳಗುಟ್ಟನ್ನೆಲ್ಲ ಬಿಟ್ಟುಕೊಡುತ್ತದೆ. ಗ್ಲೂಕೋಸ್ ಬಹುಪಾಲು ಸೆಲ್ಯುಲೋಸ್‌ನದು. ಕ್ಸೈಲೋಸ್ ಎಂಬ ಇನ್ನೊಂದು ಸಕ್ಕರೆ ಸಿಕ್ಕರೆ ಅದು ನಾರಿನ ಇನ್ನೊಂದು ಅಂಶವಾದ ಹೆಮಿಸೆಲ್ಯುಲೋಸ್‌ನದು. ಕರಗದೆ ತಳದಲ್ಲಿ ಕೂತ ಕಂದು ಪುಡಿ? ನಾರಿನ ಮತ್ತೊಂದು ಅಂಶ, ಲಿಗ್ನಿನ್! ತೆಂಗಿನ ನಾರಿನಲ್ಲಿ ಇದು ಮೂರನೇ ಒಂದು ಪಾಲಿಗೂ ಮಿಗಿಲು. ತೆಂಗಿನ ನಾರಿನ ಹಗ್ಗ ಉಪ್ಪುನೀರಿನಲ್ಲೂ ಬೇಗ ಕೊಳೆಯದಿರುವುದಕ್ಕೆ ಇದೇ ಬಲ!

ಸರಿ, ಉತ್ತರಕ್ಕೆ ಬರೋಣ. ಹತ್ತಿಯಲ್ಲಿ ಸುಮಾರು ಶೇ 90 ಸೆಲ್ಯುಲೋಸ್. ಅಂದರೆ 90 ಗ್ರಾಂ. ಸಕ್ಕರೆಯೂ 90 ಗ್ರಾಂ ಎಂದಿರಾ?

ಅಲ್ಲ! ಒಂದು ಚೂರೂ ಪೋಲಾಗದಿದ್ದರೆ, 100 ಗ್ರಾಂ!

ಹೆಚ್ಚಿನ 10 ಗ್ರಾಂ ಬಂದದ್ದು ನೀರಿನಿಂದ! ಪ್ರತಿ ಬೆಸುಗೆ ಕಡಿದಾಗಲೂ ಒಂದು ನೀರಿನ ಅಣು ಒಳಸೇರುತ್ತದೆ. ಸರಪಳಿಯಲ್ಲಿದ್ದಾಗ 162 ತೂಗುತ್ತಿದ್ದ ಘಟಕ, ಬಿಡಿ ಗ್ಲೂಕೋಸ್ ಆದಾಗ 180!

ಅದಕ್ಕೇ ಸಿಕ್ಕ ಗ್ಲೂಕೋಸಿನ ತೂಕವನ್ನು 0.9ರಿಂದ ಗುಣಿಸುತ್ತಾರೆ. ಸೇರಿದ ನೀರು ಕಳೆಯಿತು, ಸೆಲ್ಯುಲೋಸ್ ಎಷ್ಟಿತ್ತೆಂದು ತಿಳಿಯಿತು! ಸೆಣಬಿರಲಿ, ಬಾಳೆನಾರಿರಲಿ, ಕತ್ತಾಳೆ ಇರಲಿ, ಎಲ್ಲದರ ಸೆಲ್ಯುಲೋಸ್ ಅಂದಾಜು ಮಾಡಲು ಇದೇ ಗುಣಾಕಾರ!