ಗಾಜಿನ ಎರಕ

ಮಮದಾಪುರದಂಥ ಹಳ್ಳಿಯಾಗಲಿ, ಮೈಸೂರಿನಂಥ ಪಟ್ಟಣವಾಗಲಿ, ಗಾಜೆಂದೊಡನೆ ನಮಗೆ ಮೊದಲು ನೆನಪಾಗುವುದು ಬಳೆಗಾರನ ಮಲಾರ. ಆ ಬಳೆಯ ಗಾಜನ್ನು ನಮ್ಮ ನಾಡಿನಲ್ಲಿಯೇ ಕರಗಿಸುತ್ತಿದ್ದರೆಂಬುದನ್ನು ಮಾತ್ರ ನಾವು ಮರೆತಿದ್ದೇವೆ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಮತ್ತೋಡು ಎಂಬ ಊರುಂಟು. 1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಅಲ್ಲಿಯ ಬಳೆಗಾಜಿನ ಕುಲುಮೆಗಳನ್ನು ವರ್ಣಿಸಿದ್ದಾನೆ. ಬಿಳಿಕಲ್ಲಿನ ಪುಡಿ ಆ ಗಾಜಿನ ದೇಹ. ಸವುಳು ಮಣ್ಣಿನ ಕ್ಷಾರವು ಕಲ್ಲನ್ನು ಕರಗಿಸುವ ಸಾಧನ.

ಮುಂದೆ ಗಾಜು ದೊಡ್ಡ ಕಾರ್ಖಾನೆಗಳ ಪಾಲಾಯಿತು. ಚಿತ್ರ ಬರೆಯುವವನೊಬ್ಬ, ಗಾಜನ್ನು ಮುಟ್ಟುವವನು ಮತ್ತೊಬ್ಬ. ಈ ಅಗಲಿಕೆಯನ್ನು ತೊಡೆಯಲೆಂದು 1962ರಲ್ಲಿ ಅಮೆರಿಕದ ಟೊಲೀಡೊ ನಗರದಲ್ಲಿ ಹಾರ್ವೆ ಲಿಟಲ್‌ಟನ್ ಎಂಬ ಕಲಾವಿದನು ಚಿಕ್ಕ ಕುಲುಮೆಯೊಂದನ್ನು ಹೂಡಿದನು. ಬೇಗ ಕರಗುವ ಗಾಜನ್ನು ಒದಗಿಸಿದವನು ಡಾಮಿನಿಕ್ ಲಬೀನೊ. ಕಲಾವಿದನೇ ಕರಗಿಸಿ, ಕಲಾವಿದನೇ ರೂಪಿಸುವ ಈ ಪದ್ಧತಿಗೆ ಸ್ಟುಡಿಯೋ ಗಾಜು ಎಂದು ಹೆಸರು. ಅದೇ ಕಾಲದಲ್ಲಿ ಚೆಕ್ ದೇಶದ ಲಿಬೆನ್‌ಸ್ಕಿ ಮತ್ತು ಬ್ರಿಖ್ತೋವಾ ದಂಪತಿಗಳು ಗಾಜನ್ನು ಅಚ್ಚಿನಲ್ಲಿ ಎರಕಹೊಯ್ದು ಭಾರಿ ಶಿಲ್ಪಗಳನ್ನು ನಿರ್ಮಿಸಿದರು.

ಎರಕದ ಕ್ರಮವನ್ನು ಒಂದು ವಿನೋದಶಿಲ್ಪದಿಂದ ತಿಳಿಯೋಣ. ಕೊಡೆ ಹಿಡಿದ ಕಪ್ಪೆಯನ್ನು ಮೇಣದಲ್ಲಿ ತಿದ್ದಿ, ಸುತ್ತಲೂ ಪ್ಲಾಸ್ಟರ್ ಮತ್ತು ಬಿಳಿಕಲ್ಲಿನ ಪುಡಿಯ ಅಚ್ಚು ಕಟ್ಟಿ, ಮೇಣವನ್ನು ಕರಗಿಸಿ ತೆಗೆಯುತ್ತಾರೆ. ಬರಿದಾದ ಅಚ್ಚಿಗೆ ಗಾಜಿನ ತುಂಡುಗಳನ್ನು ತುಂಬಿ ಸುಮಾರು 800 ಡಿಗ್ರಿಯಷ್ಟು ಕಾಯಿಸುತ್ತಾರೆ. ದೊಡ್ಡ ತುಂಡುಗಳಿಂದ ತಿಳಿಯಾದ ಕಪ್ಪೆ ಹುಟ್ಟುತ್ತದೆ. ಪುಡಿಯಿಂದಾದರೆ ಸಣ್ಣ ಗುಳ್ಳೆಗಳು ಸೇರಿ ಹಾಲಿನ ಬಣ್ಣದ ಕಪ್ಪೆ.

ಕಷ್ಟವಿರುವುದು ಆರಿಸುವುದರಲ್ಲಿ. ಕೊಡೆಯ ಕಾವು ತೆಳು, ಕಪ್ಪೆಯ ಹೊಟ್ಟೆ ದಪ್ಪ. ಕಾವು ಬೇಗ ಆರಿ ಕುಗ್ಗುವುದು. ಹೊಟ್ಟೆ ಇನ್ನೂ ಬಿಸಿಯಾಗಿರುವುದು. ಈ ಎಳೆದಾಟದಲ್ಲಿ ಗಾಜು ಬಿರಿಯುತ್ತದೆ. ಆದ್ದರಿಂದ ಸುಮಾರು 500 ಡಿಗ್ರಿಯಲ್ಲಿ ಶಾಖವನ್ನು ಹಿಡಿದು ನಿಲ್ಲಿಸಿ, ಬಳಿಕ ಮೆಲ್ಲಮೆಲ್ಲನೆ ಇಳಿಸಬೇಕು. 1934ರಲ್ಲಿ ಪಾಲೊಮಾರ್ ದೂರದರ್ಶಕಕ್ಕಾಗಿ ಎರೆದ 200 ಅಂಗುಲದ ಗಾಜಿನ ಬಿಲ್ಲೆಯನ್ನು ಆರಿಸಲು ಸುಮಾರು ಹತ್ತು ತಿಂಗಳು ಹಿಡಿಯಿತು. ನೋಡಿದವರನ್ನು ನಗಿಸುವ ಪುಟ್ಟ ಕಪ್ಪೆಗೂ ಇದೇ ನಿಯಮ.

ಮತ್ತೋಡಿನವರು ಶಿಲ್ಪ ಎರೆದವರಲ್ಲ. ಆದರೆ ಊರಿನ ಮಣ್ಣು ಕಲ್ಲುಗಳಿಂದ ಗಾಜನ್ನು ಪಡೆದು, ಕುಲುಮೆಯ ಬಣ್ಣವನ್ನು ನೋಡಿಯೇ ಹದವನ್ನು ತಿಳಿಯುವ ಕೈ ಅವರಲ್ಲಿ ಪರಂಪರೆಯಾಗಿ ಬೆಳೆದಿತ್ತು. ಆ ಕುಲುಮೆಗಳು ಆರಿದುವು. ಅಂಗಡಿಯ ಬಳೆ ಈಗಲೂ ಸಿಕ್ಕುತ್ತದೆ. ಆ ಕೈ ಸಿಕ್ಕುವುದಿಲ್ಲ. ನಮ್ಮ ಚಿತ್ರಕಲಾಶಾಲೆಗಳು ಮಣ್ಣಿನ ಆವಿಗೆಯ ಮಗ್ಗುಲಲ್ಲಿ ಗಾಜಿಗೂ ಒಂದು ಸಣ್ಣ ಕುಲುಮೆಯನ್ನು ಹೂಡಿದರೆ, ಆ ವಿದ್ಯೆಯನ್ನು ನಾವು ಮತ್ತೆ ಮೊದಲುಮಾಡಬಹುದು.