ಹೆಸರಿಲ್ಲದ ಕೂಟದ ಪದ್ಯಗಳು

ನಮ್ಮ ಕೂಟಕ್ಕೆ ಹೆಸರಿಲ್ಲ. ಬೋರ್ಡಿಲ್ಲ, ರಶೀದಿ ಪುಸ್ತಕವಿಲ್ಲ, ಯಾವ ಕ್ಯಾಸೆಟ್ ಕಂಪನಿಯ ಜತೆಗೂ ಕರಾರಿಲ್ಲ. ಸಿದ್ದಾಪುರ ತಾಲೂಕಿನ ಒಂದು ಹಳ್ಳಿಯ ಏಳು ಜನ ಸೇರಿ, ಕರೆದವರ ಮನೆಗೆ ಹೋಗಿ ತಾಳಮದ್ದಳೆ ಮಾಡಿ ಬರುತ್ತೇವೆ. ನಾನು ಮದ್ದಳೆಯವ. ಬೆಂಗಳೂರಿನಿಂದ ರಜೆಗೆ ಬಂದ ಮೊಮ್ಮಗ ಒಮ್ಮೆ, "ಅಜ್ಜಾ, ನಿಮ್ಮ ಬ್ಯಾಂಡಿನ ಹೆಸರೇನು?" ಎಂದು ಕೇಳಿದ. ಹಾಡುವವರು ಒಬ್ಬರು, ಬಾರಿಸುವವರು ಇಬ್ಬರು, ಊರೂರು ತಿರುಗಾಟ. ಅವನ ಲೆಕ್ಕದಲ್ಲಿ ಅದು ಬ್ಯಾಂಡೇ. ನಗು ಬಂತು, ಆದರೆ ಅವನು ಹೇಳಿದ್ದು ತಪ್ಪೇನೂ ಅಲ್ಲ.

ತಾಳಮದ್ದಳೆ ಎಂದರೆ ವೇಷವೂ ಕುಣಿತವೂ ಇಲ್ಲದ ಯಕ್ಷಗಾನ. ಜಗುಲಿಯಲ್ಲಿ ಜಮಖಾನ ಹಾಸಿದರೆ ರಂಗಸ್ಥಳ ಸಿದ್ಧ. ನಡುವೆ ತಾಳ ಹಿಡಿದ ಭಾಗವತರು, ಪಕ್ಕದಲ್ಲಿ ಮದ್ದಳೆ, ಯುದ್ಧದ ಪದ್ಯಗಳಿಗೆ ಚಂಡೆ. ಇದು ಹಿಮ್ಮೇಳ. ಎರಡೂ ಬದಿಗೆ ಎದುರುಬದುರಾಗಿ ಕುಳಿತ ಅರ್ಥಧಾರಿಗಳದು ಮುಮ್ಮೇಳ. ಭಾಗವತರು ಒಂದು ಪದ್ಯ ಹಾಡುತ್ತಾರೆ. ಆ ಪದ್ಯದ ಭಾವ ಹಿಡಿದು ಅರ್ಥಧಾರಿ ಮಾತಾಡುತ್ತಾನೆ. ಪದ್ಯ ಪುಸ್ತಕದಲ್ಲಿದೆ, ಮಾತು ಎಲ್ಲಿಯೂ ಬರೆದಿಲ್ಲ. ಅದು ಆ ಕ್ಷಣಕ್ಕೆ ಹುಟ್ಟಬೇಕು.

ವಾಲಿಯ ಕಥೆ ನಿಮಗೆ ಗೊತ್ತಲ್ಲ? ಮರದ ಮರೆಯಿಂದ ಬಂದ ಬಾಣಕ್ಕೆ ಬಿದ್ದ ವಾಲಿ, "ಎದುರು ನಿಂತು ಯಾಕೆ ಹೊಡೆಯಲಿಲ್ಲ?" ಎಂದು ರಾಮನನ್ನು ಕೇಳುತ್ತಾನೆ. ನಮ್ಮೂರಿನ ಪೋಸ್ಟ್‌ಮ್ಯಾನ್ ವಾಲಿಯಾಗಿ, ಹೈಸ್ಕೂಲು ಮಾಸ್ತರರು ರಾಮನಾಗಿ ಕುಳಿತರೆ ಈ ಒಂದೇ ಪ್ರಶ್ನೆಗೆ ಒಂದು ಗಂಟೆ ಹಿಡಿಯುತ್ತದೆ. ಹೋದ ವರ್ಷ ಕೊಟ್ಟ ಉತ್ತರ ಈ ವರ್ಷ ನಡೆಯುವುದಿಲ್ಲ. ಕೇಳುವವರಿಗೆ ಅದು ನೆನಪಿರುತ್ತದೆ!

ಇದು ನಿನ್ನೆ ಮೊನ್ನೆಯ ಕಲೆಯಲ್ಲ. ಬಳ್ಳಾರಿ ಜಿಲ್ಲೆಯ ಕುರುಗೋಡು ಸೋಮಸಮುದ್ರದ ಲಕ್ಷ್ಮೀನಾರಾಯಣ ದೇವಸ್ಥಾನದಲ್ಲಿ ಸಿಕ್ಕಿದ 1556ರ ಶಾಸನದಲ್ಲಿ, ತಾಳಮದ್ದಳೆ ನಡೆಸುವವರಿಗೆ ಭೂಮಿ ಬಿಟ್ಟ ಸಂಗತಿ ಇದೆ. ನಮಗೆ ಭೂಮಿ ಯಾರೂ ಬಿಡುವುದಿಲ್ಲ. ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ, ಅದರ ಮೇಲೆ ಒಂದಿಷ್ಟು ಕಾಣಿಕೆ. ಜೀಪಿನ ಬಾಡಿಗೆ ಕಳೆದು ಉಳಿದದ್ದು ಒಂದು ಹಳೆಯ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತದೆ. ಮನೆಯವರು ಬಡಿಸುವ ಊಟ, ಅಪ್ಪೆಹುಳಿ, ನಡುರಾತ್ರಿಯ ಅವಲಕ್ಕಿ–ಕಷಾಯ ಬೇರೆ.

ಮಳೆಗಾಲದ ತಿರುಗಾಟ

ಮಳೆ ಹಿಡಿದರೆ ಮೇಳಗಳ ಬಯಲಾಟ ನಿಲ್ಲುತ್ತದೆ. ನಮಗೆ ಕೈತುಂಬ ಕೆಲಸ ಶುರುವಾಗುವುದು ಆಗಲೇ. ಶ್ರಾವಣದ ಪೂಜೆ, ಚೌತಿ, ಸತ್ಯನಾರಾಯಣ ವ್ರತ, ಹೊಸ ಮನೆಯ ಒಕ್ಕಲು. ಒಂದು ದಿನ ಶಿರಸಿ ಪೇಟೆಯ ಸಭಾಭವನ, ಮರುವಾರ ಯಲ್ಲಾಪುರದ ಕಾಡಿನ ನಡುವಿನ ಒಂಟಿ ಮನೆ. ಜೀಪು ಹಳ್ಳದ ಈಚೆಗೇ ನಿಂತರೆ ಮದ್ದಳೆಗೆ ಪ್ಲಾಸ್ಟಿಕ್ ಸುತ್ತಿ ತಲೆಯ ಮೇಲಿಟ್ಟುಕೊಂಡು ಕಾಲುಸಂಕ ದಾಟಬೇಕು. ನಾನು ನೆನೆದರೆ ಬಟ್ಟೆ ಬದಲಿಸಬಹುದು, ಮದ್ದಳೆಗೆ ಬೇರೆ ಚರ್ಮವಿಲ್ಲ!

ಮದ್ದಳೆಯ ಒಡಲು ಹಲಸಿನ ಮರದ್ದು, ಮುಚ್ಚಿಗೆ ಆಡಿನ ಚರ್ಮದ್ದು. ಚರ್ಮ ತೇವ ಹೀರಿಕೊಂಡರೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಹಾಗಾಗಿ ಯಾರ ಮನೆಗೆ ಹೋದರೂ ನಾನು ಮೊದಲು ಹುಡುಕುವುದು ಒಲೆಯನ್ನು. ಅಲ್ಲಿ ಮದ್ದಳೆಯನ್ನು ಸ್ವಲ್ಪ ಹೊತ್ತು ದೂರದಿಂದ ಬೆಚ್ಚಗೆ ಮಾಡಿ, ಆಮೇಲೆ ಬಾರು ಎಳೆದು, ಅಂಚಿಗೆ ತಟ್ಟಿ, ಭಾಗವತರ ಶ್ರುತಿಗೆ ಕೂಡಿಸಬೇಕು.

ಮಕ್ಕಳೇ, ನಮ್ಮ ತಾಳದ ಲೆಕ್ಕವನ್ನು ನೀವೂ ಕೈತಟ್ಟಿ ನೋಡಬಹುದು. 'ತಕದಿಮಿ' ಎಂದರೆ 4 ಅಕ್ಷರ, ಅದು ಏಕತಾಳ. 'ತಕ ತಕದಿಮಿ' ಎಂದರೆ 6, ಅದು ರೂಪಕ. 'ತಕಿಟ ತಕ ತಕ' ಎಂದರೆ 7, ಅದು ತ್ರಿವುಡೆ. ಅಕ್ಷರಗಳ ನಡುವೆ ಅಂತರ ಒಂದೇ ಸಮ ಇರಲಿ, ಪ್ರತಿ ಗುಂಪಿನ ಮೊದಲ ಅಕ್ಷರಕ್ಕೆ ಚಪ್ಪಾಳೆ ಬೀಳಲಿ. ತ್ರಿವುಡೆಯನ್ನು ತಪ್ಪದೆ ಹತ್ತು ಸುತ್ತು ಹಾಕಿದರೆ ನೀವು ನಮ್ಮ ಜಗುಲಿಗೆ ಬಂದು ಕೂರಬಹುದು.

ಪುಸ್ತಕದಲ್ಲಿ ಇಲ್ಲದ್ದು

ನಮ್ಮ ಭಾಗವತರಿಗೆ ಈಗ 76. ಅಡಿಕೆ ತೋಟದ ಕೆಲಸ ಮುಗಿಸಿ ಸಂಜೆ ತಾಳ ಹಿಡಿಯುವವರು. ಅವರ ಬಳಿ ಇನ್ನೂರು ಪುಟದ ಒಂದು ಕೈಬರಹದ ಪುಸ್ತಕವಿದೆ. ಅದರಲ್ಲಿ ಪದ್ಯವಿದೆ, ಪದ್ಯದ ತಲೆಯ ಮೇಲೆ ರಾಗ, ತಾಳದ ಹೆಸರಿದೆ. ಆದರೆ ಪದ್ಯ ಹಾಡುವ ಮಟ್ಟು ಇಲ್ಲ. ಯಾವ ಪದವನ್ನು ಎಳೆಯಬೇಕು, ಎಲ್ಲಿ ತಟ್ಟನೆ ನಿಲ್ಲಿಸಬೇಕು, ಯಾವ ಸಾಲನ್ನು ಎರಡು ಸಲ ಹಾಡಬೇಕು ಎಂಬುದೆಲ್ಲ ಅವರ ಗಂಟಲಲ್ಲಿ ಮಾತ್ರ ಇದೆ. ಅವರ ಗುರುಗಳೂ ಅದನ್ನು ಬಾಯಿಂದಲೇ ಕೊಟ್ಟದ್ದು.

ಮೂರು ವರ್ಷದ ಹಿಂದೆ ಆ ಗಂಟಲು ಕೈಕೊಟ್ಟಿತು. ಒಮ್ಮೆಗೆ ಒಂದು ಗಂಟೆಗಿಂತ ಹೆಚ್ಚು ಹಾಡಬೇಡಿ ಎಂದರು ಡಾಕ್ಟರು. ನಮಗೆಲ್ಲ ದಿಗಿಲಾಯಿತು. ಡಬ್ಬದಲ್ಲಿದ್ದ ಐದು ವರ್ಷದ ಕಾಣಿಕೆಯನ್ನು ಎಣಿಸಿ, ಹುಬ್ಬಳ್ಳಿಯ ಒಂದು ಸ್ಟುಡಿಯೊಕ್ಕೆ ಹೋಗಿ ಪದ್ಯಗಳನ್ನು ಧ್ವನಿಮುದ್ರಣ ಮಾಡಿಸಿಬಿಡೋಣ ಎಂದು ತೀರ್ಮಾನಿಸಿದೆವು.

ಧ್ವನಿಮುದ್ರಣ ನಮಗೆ ಹೊಸದೇನಲ್ಲ. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಪುಟ್ಟ ಕ್ಯಾಸೆಟ್ಟು ಮುಂದೆ ನಮ್ಮ ಹಳ್ಳಿಗಳಿಗೂ ಬಂತು. ಕೂಟ ಇದ್ದಲ್ಲೆಲ್ಲ ಭಾಗವತರ ಮುಂದೆ ಟೇಪ್ ರೆಕಾರ್ಡರು ಇರುತ್ತಿತ್ತು. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ 30 ನಿಮಿಷ. ಟೇಪು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ. ಅಂದರೆ ಅರ್ಧ ಗಂಟೆಯ ಹಾಡಿಗೆ ಸುಮಾರು 86 ಮೀಟರ್ ಟೇಪು! ಪದ್ಯದ ನಡುವೆ 'ಟಕ್' ಎಂದು ಗುಂಡಿ ಎದ್ದರೆ, ಮಗುಚಿ ಹಾಕುವಷ್ಟರಲ್ಲಿ ಅರ್ಧ ಪದ್ಯ ಹೋಗಿರುತ್ತಿತ್ತು. ಆದರೂ ಆ ಕ್ಯಾಸೆಟ್ಟುಗಳ ಉಪಕಾರ ದೊಡ್ಡದು. ಗುಂಡ್ಮಿ ಕಾಳಿಂಗ ನಾವಡರು 1990ರಲ್ಲಿ ಚಿಕ್ಕ ವಯಸ್ಸಿಗೇ ತೀರಿಕೊಂಡರು. ಅವರನ್ನು ಕಣ್ಣಾರೆ ಕಾಣದ ಹುಡುಗರೂ ಇವತ್ತು ಅವರ ಪದ್ಯ ಗುನುಗುತ್ತಾರೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದಲ್ಲಿ ದಶಕಗಳ ಕಾಲ ಹಾಡಿದ, ನಮ್ಮ ಶಿರಸಿ ಸೀಮೆಯ ನೆಬ್ಬೂರು ನಾರಾಯಣ ಭಾಗವತರ ದನಿಯೂ ಹೀಗೆಯೇ ಉಳಿದಿದೆ. ಆದರೆ ನಮ್ಮ ಭಾಗವತರಂಥ ಮನೆ ಮಟ್ಟದ ಹಾಡುಗಾರರ ಕ್ಯಾಸೆಟ್ಟನ್ನು ಯಾವ ಅಂಗಡಿಯೂ ಮಾರಲಿಲ್ಲ.

ಸುಲಿಯುವ ಮನೆಯಲ್ಲಿ

ಸ್ಟುಡಿಯೊಕ್ಕೆ ಹೋಗುವ ಮೊದಲು ಮನೆಯಲ್ಲೇ ಒಮ್ಮೆ ನೋಡೋಣ ಎಂದ ನಮ್ಮ ಚಂಡೆಯ ಹುಡುಗ. ಕಾಲೇಜಿನಲ್ಲಿ ಓದುತ್ತಿದ್ದ ಅವನಿಗೆ ಮೊಬೈಲು, ಮೈಕು ಎಲ್ಲ ಗೊತ್ತು. ಮಳೆಗಾಲದಲ್ಲಿ ತಗಡಿನ ಮಾಡಿನ ಸದ್ದು, ಬೇಸಿಗೆಯಲ್ಲಿ ಜೀರುಂಡೆಯ ಸದ್ದು. ಹಾಗಾಗಿ ಚಳಿಗಾಲಕ್ಕೆ ಕಾದೆವು. ಗೋಡೆಗೆ ಕಂಬಳಿ ತೂಗುಹಾಕಿ, ಬಾಗಿಲು ಮುಚ್ಚಿ, ಭಾಗವತರು ಮತ್ತು ನಾನು ಇಬ್ಬರೇ ಕುಳಿತು ಎಂಟು ಪದ್ಯ ಮುಗಿಸಿದೆವು. ದನಿ ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ ಬಂದಿತ್ತು.

ಭಾಗವತರು ಕಣ್ಣು ಮುಚ್ಚಿ ಎಲ್ಲವನ್ನೂ ಕೇಳಿ, "ಇದ್ರಲ್ಲಿ ಪದ್ಯ ಇದ್ದು, ಕೂಟ ಇಲ್ಲೆ" ಅಂದರು.

ಅವರ ಮಾತು ನನಗೆ ಅರ್ಥವಾಯಿತು. ಕೂಟದಲ್ಲಿ ಅವರು ಎದುರಿನ ಅರ್ಥಧಾರಿಯ ಮುಖ ನೋಡುತ್ತ ಹಾಡುತ್ತಾರೆ. ಅವನ ಕಣ್ಣಿನಲ್ಲಿ ಮಾತು ಹುಟ್ಟುವುದು ಕಂಡರೆ ಬೇಗ ಮುಗಿಸಿ ಬಿಟ್ಟುಕೊಡುತ್ತಾರೆ, ಇನ್ನೂ ತಡಕಾಡುತ್ತಿದ್ದರೆ ಕೊನೆಯ ಸಾಲನ್ನು ಮತ್ತೊಮ್ಮೆ ಎತ್ತಿಕೊಂಡು ಅವನಿಗೆ ಸಮಯ ಕೊಡುತ್ತಾರೆ. ಕಂಬಳಿಯ ಮುಖ ನೋಡಿ ಹಾಡಿದರೆ ಇದು ಯಾವುದೂ ಬರುವುದಿಲ್ಲ.

ಅದು ಅಡಿಕೆ ಕೊಯ್ಲಿನ ಕಾಲ. ರಾತ್ರಿ ಊರವರೆಲ್ಲ ಒಂದೊಂದು ಮನೆಯಲ್ಲಿ ಸೇರಿ ಅಡಿಕೆ ಸುಲಿಯುತ್ತಾರೆ. ಸುಲಿಯುವವರಿಗೆ ನಿದ್ದೆ ಬಾರದಿರಲೆಂದು ಅಲ್ಲೇ ತಾಳಮದ್ದಳೆ ನಡೆಯುತ್ತಿದ್ದ ರೂಢಿ ನಮ್ಮ ಸೀಮೆಯಲ್ಲಿ ಹಿಂದಿನಿಂದ ಇದೆ. ನಾವು ಅಲ್ಲಿಗೇ ಮೈಕು ಒಯ್ದೆವು. ಮೂರು ವಾರದಲ್ಲಿ, ದಿನಕ್ಕೆ ಒಂದು ಗಂಟೆ ಮೀರದಂತೆ, 31 ಪದ್ಯ ಅರ್ಥಸಮೇತ ದಾಖಲಾದವು. ಮೊಬೈಲು ಹಚ್ಚಿದರೆ ಈಗಲೂ ಮೆಟ್ಟುಗತ್ತಿಯ ಸದ್ದು, ಅಡಿಕೆ ಬುಟ್ಟಿಗೆ ಬೀಳುವ ಸದ್ದು, ಯಾರದೋ ನಗು ಕೇಳುತ್ತದೆ. ಚಂಡೆಯ ಹುಡುಗ ಅದನ್ನೆಲ್ಲ ಅಳಿಸಬಹುದು ಎಂದ. ಭಾಗವತರು ಬೇಡವೆಂದರು.

ಕೆಮ್ಮಿನ ಪಾಠ

ಇದನ್ನು ಎಲ್ಲರಿಗಿಂತ ಹೆಚ್ಚು ಕೇಳಿದವಳು ಭಾಗವತರ ಮೊಮ್ಮಗಳು, ಆಗ ಏಳನೆಯ ಕ್ಲಾಸು. ಒಂದು ದಿನ ಹಿತ್ತಿಲಲ್ಲಿ ಬಟ್ಟೆ ಹರವುತ್ತ ಪದ್ಯ ಹಾಡುತ್ತಿದ್ದಳು. ಮಟ್ಟು ಹೂಬೇಹೂಬು ಅಜ್ಜನದೇ. ಮೂರನೆಯ ಸಾಲಿನ ನಡುವೆ ಸಣ್ಣಗೆ ಕೆಮ್ಮಿ ಮುಂದುವರಿಸಿದಳು. ಧ್ವನಿಮುದ್ರಣದಲ್ಲಿ ಅಜ್ಜ ಅಲ್ಲೇ ಕೆಮ್ಮಿದ್ದರು!

ಜಗುಲಿಯಲ್ಲಿದ್ದ ಭಾಗವತರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಆ ಕೆಮ್ಮು ನಂದು ಕೂಸೇ, ಅದು ನಂಗೇ ಇರ್ಲಿ. ನೀ ನಾಳೆಯಿಂದ ನನ್ನ ಹತ್ರ ಕೂತ್ಕ" ಅಂದರು. ಮೊಬೈಲಿನಿಂದ ಮಟ್ಟು ಬಂದಿತ್ತು. ಯಾವುದು ಮಟ್ಟು, ಯಾವುದು ಕೆಮ್ಮು ಎಂದು ಹೇಳಲು ಮಾತ್ರ ಅಜ್ಜನೇ ಬೇಕಾಯಿತು.

ಆಗ ಇನ್ನೊಂದು ಪ್ರಶ್ನೆ ಎದ್ದಿತು. ಹಾರ್ಮೋನಿಯಂ ಮನೆಯ ಲೆಕ್ಕದಲ್ಲಿ ಅಜ್ಜನ ಶ್ರುತಿ ಕಪ್ಪು ಒಂದು, ಮೊಮ್ಮಗಳದು ಕಪ್ಪು ಮೂರು. ನನ್ನ ಮದ್ದಳೆಯನ್ನು ಎಷ್ಟು ಬಿಗಿದರೂ ಅಷ್ಟು ಮೇಲೆ ಏರುವುದಿಲ್ಲ, ಚರ್ಮವೇ ಹರಿದೀತು. ಅವಳಿಗೆ ಬೇರೆ, ಸ್ವಲ್ಪ ಚಿಕ್ಕ ಮದ್ದಳೆ ಬೇಕು. ಡಬ್ಬದ ದುಡ್ಡು ಸ್ಟುಡಿಯೊ ಅಥವಾ ಮದ್ದಳೆ, ಎರಡರಲ್ಲಿ ಒಂದಕ್ಕೆ ಮಾತ್ರ ಸಾಕು. ಒಂದು ಇಡೀ ಸಂಜೆ ಚರ್ಚೆಯಾಯಿತು. ಸ್ಟುಡಿಯೊದಲ್ಲಿ ಮಾಡಿಸಿದರೆ ಭಾಗವತರ ಹೆಸರು ನಾಲ್ಕು ಜನಕ್ಕೆ ಗೊತ್ತಾಗುತ್ತದೆ ಎಂದರು ಮಾಸ್ತರರು. ಆ ಆಸೆ ನನಗೂ ಇತ್ತು. ಐವತ್ತು ವರ್ಷ ಹಾಡಿದವರಿಗೆ ಅಷ್ಟಾದರೂ ಸಲ್ಲಬೇಡವೇ? ಕೊನೆಗೆ ಭಾಗವತರೇ ಡಬ್ಬ ತಂದು ನನ್ನ ಕೈಗಿಟ್ಟು, "ಮದ್ದಳೆ ತಗಂಡು ಬಾ" ಅಂದರು.

ಹೋದ ಶ್ರಾವಣದಲ್ಲಿ ಆ ಹುಡುಗಿ ಯಲ್ಲಾಪುರದ ಕಡೆಯ ಒಂದು ಮನೆಯಲ್ಲಿ ಮೊದಲ ಸಲ ಎರಡು ಪದ್ಯ ಹಾಡಿದಳು. ಎರಡನೆಯ ಪದ್ಯದ ಕೊನೆಗೆ ವಾಲಿಯಾಗಿದ್ದ ಪೋಸ್ಟ್‌ಮ್ಯಾನ್ ಮಾತಿಗೆ ತಡಕಾಡುತ್ತಿದ್ದರು. ಅವಳು ಅವರ ಮುಖ ನೋಡಿದಳು, ಕೊನೆಯ ಸಾಲನ್ನು ಮತ್ತೊಮ್ಮೆ ಎತ್ತಿದಳು. ಅದನ್ನು ಅವಳಿಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿದ್ದ ಅಜ್ಜ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು.

ನಿಮ್ಮ ಮನೆಯ ಟ್ರಂಕಿನಲ್ಲಿ

ಅಜ್ಜ–ಅಜ್ಜಿಯಂದಿರಿಗೆ ಒಂದು ಮಾತು. ನಿಮ್ಮ ಮನೆಯ ಟ್ರಂಕಿನಲ್ಲೂ ಹಳೆಯ ಕ್ಯಾಸೆಟ್ಟುಗಳು ಇರಬಹುದು. ಆಟದ್ದೋ, ಹಾಡಿನದೋ, ಮದುವೆಯ ದಿನ ಯಾರೋ ಹೇಳಿದ ಸೋಬಾನೆಯದೋ. ಮಳೆನಾಡಿನ ತೇವಕ್ಕೆ ಟೇಪಿನ ಮೇಲೆ ಬೂಷ್ಟು ಬರುತ್ತದೆ, ಆದ್ದರಿಂದ ಒಣ ಜಾಗದಲ್ಲಿಡಿ. ಸ್ಪೀಕರಿನ ಹತ್ತಿರ ಇಡಬೇಡಿ, ಅದರೊಳಗಿನ ಅಯಸ್ಕಾಂತಕ್ಕೆ ದನಿ ಅಳಿಯಬಹುದು. ಟೇಪು ಸಡಿಲವಾಗಿದ್ದರೆ ಪೆನ್ಸಿಲು ತೂರಿಸಿ ಸುತ್ತಿ ಬಿಗಿ ಮಾಡಿ.

ಮಕ್ಕಳೇ, ಟೇಪ್ ರೆಕಾರ್ಡರಿನ ಇಯರ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ವೈರು ಕೊಟ್ಟರೆ ಆ ದನಿಯನ್ನು ಉಳಿಸಿಕೊಳ್ಳಬಹುದು. ವೈರು ನೀವು ಜೋಡಿಸಿ. ಆದರೆ ಒಬ್ಬರೇ ಕೇಳಬೇಡಿ, ಅಜ್ಜ–ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಹಾಡಿದ್ದು ಯಾರು, ಯಾರ ಮನೆ, ಯಾವ ವರ್ಷ, ಮದ್ದಳೆ ಯಾರದು, ನಡುವೆ ನಕ್ಕವರು ಯಾರು ಎಂದು ಒಂದೊಂದಾಗಿ ಕೇಳಿ ಬರೆದಿಡಿ. ಅದನ್ನು ಹೇಳಬಲ್ಲವರು ಅವರು ಮಾತ್ರ.