ಹೂವಿನ ಧೂಳಿಯೂ ಮೈಯ ಮುನಿಸೂ

ವಿಜಯಪುರದಿಂದ ತಿಕೋಟೆಯನ್ನು ದಾಟಿ ಮಹಾರಾಷ್ಟ್ರದ ಗಡಿಯತ್ತ ಸಾಗಿದರೆ ಕನಮಡಿ ಎದುರಾಗುತ್ತದೆ. ಮಳೆಗಾಗಿ ಮುಗಿಲನ್ನು ನೋಡುತ್ತ ಕುಳಿತುಕೊಳ್ಳುವ ಸೀಮೆ ಇದು. ಜೋಳವನ್ನು ಬಿತ್ತಬೇಕು, ದ್ರಾಕ್ಷಿಗೆ ನೀರುಣಿಸಬೇಕು. ಯಾರೂ ಬಿತ್ತದೆ, ಯಾರೂ ನೀರೆರೆಯದೆ ಬೆಳೆಯುವ ಸಸ್ಯವೊಂದು ಮಾತ್ರ ನಾಲ್ಕು ಹನಿ ಬಿದ್ದರೆ ಸಾಕು, ಬದುವಿನ ಮೇಲೆ, ರಸ್ತೆಯ ಅಂಚಿನಲ್ಲಿ ನುಚ್ಚಿನಂಥ ಬಿಳಿಯ ಹೂ ಹೊತ್ತು ನಿಲ್ಲುತ್ತದೆ. ಅದನ್ನು ನಮ್ಮವರು ಕಾಂಗ್ರೆಸ್ ಕಸ ಎಂದು ಕರೆಯುತ್ತಾರೆ. ಶಾಸ್ತ್ರಜ್ಞರು ಪಾರ್ಥೇನಿಯಮ್ ಎನ್ನುತ್ತಾರೆ.

ಅಮೆರಿಕ ಖಂಡದ ಈ ಸಸ್ಯ 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಮುಂದೆ ನಾಡನ್ನೆಲ್ಲ ಆವರಿಸಿತು. ಅದರ ಪರಾಗ ಗಾಳಿಯಲ್ಲಿ ತೇಲಿ ಮೂಗನ್ನು ಹೊಕ್ಕಾಗ ಕೆಲವರಿಗೆ ಸೀನು, ಕಣ್ಣುರಿ, ಮೂಗಿನಲ್ಲಿ ನೀರು. ಇನ್ನು ಕೆಲವರಿಗೆ ಉಬ್ಬಸ. ಬೆಂಗಳೂರಿನಲ್ಲಿ ನಡೆದ ಅಧ್ಯಯನಗಳು ಈ ಸಂಬಂಧವನ್ನು ತೋರಿಸಿಕೊಟ್ಟಿವೆ. ಆದರೂ ಇದನ್ನು ಬರಿಯ ನೆಗಡಿಯೆಂದು ಬಗೆದು ವರುಷಗಟ್ಟಲೆ ಕಷಾಯ ಕುಡಿಯುವವರುಂಟು. ಕಳೆ ಕೀಳುವ ಹೆಣ್ಣುಮಗಳಿಗೆ ಉಬ್ಬಸವೆಂದರೆ ಅಂದಿನ ಕೂಲಿ ಹೋಯಿತೆಂದೇ ಅರ್ಥ.

ಪರಾಗ ವಿಷವಲ್ಲ. ಅದರಲ್ಲಿರುವ ನಿರಪಾಯದ ಪ್ರೋಟೀನನ್ನು ದೇಹ ವೈರಿಯೆಂದು ತಪ್ಪಾಗಿ ಎಣಿಸುತ್ತದೆ. ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿ ಇಟ್ಟುಕೊಳ್ಳುತ್ತದೆ. ಪರಾಗ ಮತ್ತೆ ಬಂದಾಗ ಹಿಸ್ಟಮಿನ್ ಮೊದಲಾದ ದ್ರವ್ಯಗಳು ಚೆಲ್ಲಿ ಇಷ್ಟೆಲ್ಲ ರಂಪವಾಗುತ್ತದೆ. ನೆರಳಿಗೆ ಹೆದರಿ ಮನೆಯವರನ್ನೇ ಹೊಡೆದ ಕಾವಲುಗಾರನ ಕಥೆಯಿದು.

ಈ ಕಾವಲುಗಾರನಿಗೆ ಬುದ್ಧಿ ಹೇಳುವ ಯತ್ನ ಹಳೆಯದು. 1911ರಲ್ಲಿ ಲಂಡನ್ನಿನ ಲಿಯೊನಾರ್ಡ್ ನೂನ್ ಎಂಬ ವೈದ್ಯನು ಹುಲ್ಲಿನ ಪರಾಗದ ಸಾರವನ್ನು ಅಲ್ಪಸ್ವಲ್ಪವಾಗಿ ಚುಚ್ಚಿ, ಪ್ರಮಾಣವನ್ನು ಏರಿಸುತ್ತ ಹೋಗುವ ಪದ್ಧತಿಯನ್ನು ಪ್ರಕಟಿಸಿದನು. ಅದು ಇಂದಿಗೂ ನಡೆದಿದೆ. ಆದರೆ ಸಾಮಾನ್ಯವಾಗಿ ಮೂರು ವರುಷಗಳ ತಾಳ್ಮೆ ಬೇಕು. ಒಗ್ಗದ ವಸ್ತುವನ್ನೇ ಚುಚ್ಚುವುದರಿಂದ ಅಪರೂಪಕ್ಕೆ ಪ್ರಾಣಕ್ಕೂ ಸಂಚಕಾರ ಬರಬಹುದು.

ಡಿಎನ್‌ಎ ಲಸಿಕೆಯ ದಾರಿ ಬೇರೆ. ಇಲ್ಲಿ ಚುಚ್ಚುವುದು ಪರಾಗದ ಪ್ರೋಟೀನನ್ನಲ್ಲ, ಅದನ್ನು ಕಟ್ಟುವ ವಿಧಾನದ ಬರಹವನ್ನು. ನಮ್ಮ ಜೀವಕೋಶಗಳೇ ಆ ಬರಹವನ್ನು ಓದಿ, ಪ್ರೋಟೀನನ್ನು ಚೂರುಚೂರಾಗಿ ತಯಾರಿಸುತ್ತವೆ. ಹೀಗೆ ಒಳಗಿನಿಂದ ಪರಿಚಯವಾದದ್ದರ ವಿಷಯದಲ್ಲಿ ದೇಹದ ಧೋರಣೆ ಬದಲಾಗಿ, ಐಜಿಇಯ ಉತ್ಪತ್ತಿ ತಗ್ಗುತ್ತದೆ. ಇಯಾಲ್ ರಾಜ್ ಮತ್ತು ಸಂಗಡಿಗರು 1996ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಆಸ್ಟ್ರಿಯದ ಸಾಲ್ಸ್‌ಬರ್ಗಿನಲ್ಲಿ ಬರ್ಚ್ ಮರದ ಪರಾಗದ ಬಗೆಗೆ ಇಂಥ ಪ್ರಯೋಗಗಳು ನಡೆದವು. ಜಪಾನಿನ ಸುಗಿ ಮರದ ಪರಾಗಕ್ಕಾಗಿ ಮನುಷ್ಯರಲ್ಲಿಯೂ ಆರಂಭದ ಪರೀಕ್ಷೆಗಳಾದವು. ಡಿಎನ್‌ಎ ಲಸಿಕೆ ಮನುಷ್ಯರಿಗೆ ಸಲ್ಲದೆಂಬ ಶಂಕೆಯನ್ನು ದೂರಮಾಡಿದ್ದು ನಮ್ಮ ದೇಶವೇ: ಅಹಮದಾಬಾದಿನಲ್ಲಿ ಸಿದ್ಧವಾದ ಕೋವಿಡ್ ಲಸಿಕೆ ಝೈಕೋವ್-ಡಿ 2021ರ ಆಗಸ್ಟಿನಲ್ಲಿ ತುರ್ತು ಬಳಕೆಗೆ ಅನುಮತಿ ಪಡೆಯಿತು.

ಆದರೆ ಪರಾಗದ ಅಲರ್ಜಿಗೆ ಅಂಥ ಲಸಿಕೆ ಇನ್ನೂ ಔಷಧದಂಗಡಿಯನ್ನು ಸೇರಿಲ್ಲ. ಬರ್ಚ್, ಸುಗಿಗಳಿಗೆ ದೊರೆತ ಗಮನ ನಮ್ಮ ಬದುವಿನ ಕಸಕ್ಕೂ ದೊರೆಯಬೇಡವೇ? ಅದರ ಪರಾಗದ ಮುಖ್ಯ ಪ್ರೋಟೀನನ್ನು ಗುರುತಿಸಿ ಪಾರ್-ಎಚ್-1 ಎಂದು ಹೆಸರಿಟ್ಟಾಗಿದೆ; ದಾರಿ ಮುಚ್ಚಿಲ್ಲ. ಒಂದು ಮಾತನ್ನು ಮರೆಯಬಾರದು: ಈ ಗಿಡ ಮುಟ್ಟಿದಾಗ ಏಳುವ ತುರಿಕೆ, ಗಂದೆಗಳಿಗೆ ಕಾರಣ ಪಾರ್ಥೆನಿನ್ ಎಂಬ ರಾಸಾಯನಿಕ. ಅದು ಪ್ರೋಟೀನಲ್ಲವಾದ್ದರಿಂದ ಈ ಲಸಿಕೆ ಅಲ್ಲಿ ನಿರುಪಯೋಗಿ.

ಕಸವನ್ನು ತಿನ್ನುವ ಜೀರುಂಡೆಯೊಂದನ್ನು ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಕಸ ಮಾತ್ರ ಇನ್ನೂ ಇದೆ. ಆದುದರಿಂದ ಹೂ ಬಿಡುವ ಮೊದಲೇ, ಕೈಗೆ ಚೀಲ ಕಟ್ಟಿಕೊಂಡು, ಬೇರುಸಹಿತ ಕೀಳುವುದೇ ಸದ್ಯದ ಉಪಾಯ. ವಾರಗಟ್ಟಲೆ ನಿಲ್ಲದ ನೆಗಡಿಯನ್ನು ವೈದ್ಯರಿಗೆ ತೋರಿಸುವುದು ಎರಡನೆಯದು. ಲಸಿಕೆ ಬಂದ ದಿನ ಅದು ಕನಮಡಿಯ ಹೊಲದವರೆಗೂ ಬರಲಿ.